ಹಳೇ ಟ್ವಿನ್ ಕಮಾಂಚಿ: ದುಡ್ಡು ಎಲ್ಲಿ ಹಾಕಿದೆವು, ಎಲ್ಲಿ ಹಾಕಲಿಲ್ಲ

ಎರಡು ಎಂಜಿನ್ ಇರುವ ಸಣ್ಣ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ಅರ್ಧ ಶಕ್ತಿ ಉಳಿಯುತ್ತದೆ. ಆದರೆ ಮೇಲೇರುವ ತಾಕತ್ತು ಅರ್ಧ ಉಳಿಯುವುದಿಲ್ಲ. ನೂರಕ್ಕೆ ಎಂಬತ್ತು ತೊಂಬತ್ತು ಭಾಗ ಹೋಗಿಬಿಡುತ್ತದೆ. ಶಕ್ತಿಯ ದೊಡ್ಡ ಪಾಲು ಎತ್ತರ ಕಳೆದುಕೊಳ್ಳದೆ ಹಾರುವುದಕ್ಕೇ ಖರ್ಚಾಗುತ್ತದೆ, ಮಿಕ್ಕಿದ್ದರಲ್ಲಿ ಮಾತ್ರ ಏರಬೇಕು. ನಮ್ಮ ವಿಮಾನಕ್ಕೆ ಏನೇನು ಮಾಡಿಸೋಣ ಅಂತ ಕೂತಾಗಲೆಲ್ಲ ಮಾತು ಸುತ್ತಿ ಬಳಸಿ ಈ ಲೆಕ್ಕಕ್ಕೇ ಬಂದು ನಿಲ್ಲುತ್ತಿತ್ತು.

ವಿಮಾನ ಪೈಪರ್ ಪಿಎ-30 ಟ್ವಿನ್ ಕಮಾಂಚಿ, 1966ರ ಮಾಡೆಲ್. ನಾನೂ ಒಬ್ಬ ಗೆಳೆಯನೂ ಸೇರಿ ಕೊಂಡದ್ದು. ಅವನು ದಾವಣಗೆರೆಯವನು, ನಾನು ತೀರ್ಥಹಳ್ಳಿ ಕಡೆಯವನು. ಇಬ್ಬರದೂ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ. ವಿಮಾನ ಇರುವುದು ಲಿವರ್‌ಮೋರ್ ಏರ್‌ಪೋರ್ಟಿನ ಒಂದು ತಗಡಿನ ಹ್ಯಾಂಗರಿನಲ್ಲಿ. ಊರಲ್ಲಿ ಹೇಳಿದರೆ ನಾವೇನೋ ಕೋಟ್ಯಧೀಶರು ಅಂದುಕೊಳ್ಳುತ್ತಾರೆ. ಇಲ್ಲಿ ಅರುವತ್ತು ವರ್ಷ ಹಳೆಯ ಟ್ವಿನ್ ಕೊಳ್ಳುವುದು ಅಷ್ಟು ದೊಡ್ಡ ಮಾತಲ್ಲ. ಅದನ್ನು ಹಾರುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದರಲ್ಲೇ ಜೇಬು ಖಾಲಿಯಾಗುವುದು.

ಈ ವಿಮಾನ ಹುಟ್ಟಿದ್ದು ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಊರಿನಲ್ಲಿ. ಒಂಟಿ ಎಂಜಿನ್ನಿನ ಕಮಾಂಚಿಯ ಮೂತಿ ಬದಲಿಸಿ, ರೆಕ್ಕೆಗೊಂದರಂತೆ 160 ಹಾರ್ಸ್‌ಪವರಿನ ಲೈಕಮಿಂಗ್ ಐಒ-320 ಎಂಜಿನ್ ಕೂರಿಸಿದರು. 1963ರಲ್ಲಿ ಮಾರುಕಟ್ಟೆಗೆ ಬಂತು. ಗಂಟೆಗೆ ಹದಿನಾರು ಹದಿನೇಳು ಗ್ಯಾಲನ್ ಕುಡಿದು 160-165 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.15 ಮೈಲಿ) ಓಡುತ್ತದೆ. ಎರಡು ಎಂಜಿನ್ನಿನ ವಿಮಾನಕ್ಕೆ ಇದು ಇವತ್ತಿಗೂ ಒಳ್ಳೇ ಲೆಕ್ಕ. 1972ರಲ್ಲಿ ಆಗ್ನೆಸ್ ಚಂಡಮಾರುತದ ನೆರೆ ಲಾಕ್ ಹೇವನ್ ಕಾರ್ಖಾನೆಗೆ ನುಗ್ಗಿತು. ಕಮಾಂಚಿಯ ಅಚ್ಚು, ಜಿಗ್ಗು ಎಲ್ಲ ಹಾಳಾದವು. ಪೈಪರ್ ಮತ್ತೆ ಅದನ್ನು ಕಟ್ಟಲೇ ಇಲ್ಲ. ಹಾಗಾಗಿ ಇರುವುದನ್ನೇ ತಿದ್ದಿ ತೀಡಿ ಇಟ್ಟುಕೊಳ್ಳಬೇಕು.

ಇದಕ್ಕೆ ಒಂದು ಕೆಟ್ಟ ಹೆಸರೂ ಅಂಟಿಕೊಂಡಿತ್ತು. ಒಂದು ಎಂಜಿನ್ ನಿಂತಾಗ ಇನ್ನೊಂದು ಎಂಜಿನ್ ವಿಮಾನವನ್ನು ಸತ್ತ ಎಂಜಿನ್ನಿನ ಕಡೆಗೆ ತಿರುಗಿಸಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಬಾಲದ ರಡ್ಡರ್. ವೇಗ ತೀರಾ ಇಳಿದರೆ ರಡ್ಡರಿನ ಬಲ ಸಾಲದೆ ವಿಮಾನ ಮಗುಚಿಕೊಳ್ಳುತ್ತದೆ. ಆ ಗಡಿಯ ವೇಗಕ್ಕೆ ವಿಎಂಸಿ ಅನ್ನುತ್ತಾರೆ. ಟ್ವಿನ್ ಕಮಾಂಚಿಗೆ ಮೊದಲು ಅದು ಗಂಟೆಗೆ 80 ಮೈಲಿ ಅಂತ ನಿಗದಿಯಾಗಿತ್ತು. ವಿಮಾನ ಅಗ್ಗ, ಪೆಟ್ರೋಲ್ ಕಡಿಮೆ, ಅಂತ ಬಹಳಷ್ಟು ತರಬೇತಿ ಶಾಲೆಗಳು ಇದನ್ನೇ ಕೊಂಡವು. ಹೆಚ್ಚು ಎತ್ತರಕ್ಕೆ ಹೋಗದೆ ಒಂದು ಎಂಜಿನ್ ಕತ್ತರಿಸಿ, ವೇಗ ಇಳಿಸಿ ತೋರಿಸುವುದು ಆಗಿನ ಪಾಠದ ಭಾಗ. ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗವೂ ವಿಎಂಸಿಯೂ ಹತ್ತಿರ ಹತ್ತಿರ ಇದ್ದ ಈ ವಿಮಾನ ಹಾಗೆ ಮಾಡುವಾಗ ಗಿರಗಿರ ಸುತ್ತುತ್ತಾ ಸ್ಪಿನ್‌ಗೆ ಬಿದ್ದು ಜನ ಸತ್ತರು. ಆಮೇಲೆ ವಿಎಂಸಿ 90 ಮೈಲಿಗೆ ಏರಿತು, ರೆಕ್ಕೆಯ ಮುಂದಂಚಿಗೆ ಸ್ಟಾಲ್ ಸ್ಟ್ರಿಪ್ ಅನ್ನುವ ಸಣ್ಣ ಪಟ್ಟಿ ಬಂತು. ನನ್ನ ಪ್ರಕಾರ ವಿಮಾನಕ್ಕಿಂತ ಪಾಠ ಹೇಳುವ ರೀತಿಯಲ್ಲೇ ತಪ್ಪು ಜಾಸ್ತಿ ಇತ್ತು. ಆದರೂ ಆ ಎರಡು ವೇಗಗಳ ನಡುವಿನ ಜಾಗ ಚಿಕ್ಕದು ಅನ್ನುವುದು ಸುಳ್ಳಲ್ಲ.

ಗೆಳೆಯನಿಗೆ ಬೇಕಾಗಿದ್ದು ಹಾರ್ಸ್‌ಪವರ್. 1960ರ ದಶಕದಲ್ಲೇ ಟೆಕ್ಸಾಸಿನ ಮಿಲ್ಲರ್ ಕಂಪನಿ ಟ್ವಿನ್ ಕಮಾಂಚಿಗೆ 200 ಹಾರ್ಸ್‌ಪವರಿನ ಐಒ-360 ಎಂಜಿನ್ ಹಾಕಿಕೊಡುತ್ತಿತ್ತು. ಅಂಥ ಒಂದು ವಿಮಾನವನ್ನು ಅವನು ಎಲ್ಲೋ ನೋಡಿ ಬಂದಿದ್ದ. ಮೂತಿ ಉದ್ದ, ಮುಂದೆಯೇ ಸಾಮಾನು ಇಡುವ ಜಾಗ, ನಿಂತಲ್ಲೇ ಓಡುವ ಹಾಗೆ ಕಾಣುವ ರೂಪ. "ನೋಡೋ, ಮಾಡಿಸಿದರೆ ಇಂಥದ್ದು ಮಾಡಿಸಬೇಕು" ಅಂತ ಫೋಟೋ ಕಳಿಸುತ್ತಲೇ ಇದ್ದ.

ನಾನು ಲೆಕ್ಕ ಹಾಕಿ ತೋರಿಸಿದೆ. ಗಾಳಿಯ ತಡೆ ವೇಗದ ವರ್ಗದಷ್ಟು ಹೆಚ್ಚುತ್ತದೆ, ಬೇಕಾಗುವ ಶಕ್ತಿ ಘನದಷ್ಟು. ಅಂದರೆ ಶಕ್ತಿ ಶೇಕಡಾ 25 ಹೆಚ್ಚಿಸಿದರೆ ವೇಗ ಹೆಚ್ಚುವುದು ಶೇಕಡಾ 8ಕ್ಕೂ ಒಂಚೂರು ಕಡಿಮೆ. 165 ನಾಟ್ ಹೋಗುವುದು ಹೆಚ್ಚೆಂದರೆ 178 ಆದೀತು. ಪೆಟ್ರೋಲ್ ಖರ್ಚು ಮಾತ್ರ ಶಕ್ತಿಯ ಜೊತೆಜೊತೆಗೇ ಏರುತ್ತದೆ, ಕಾಲು ಭಾಗ ಜಾಸ್ತಿ. ಲಾಸ್ ಏಂಜಲೀಸಿಗೆ ಹೋಗಿ ಬಂದರೆ ಒಂದು ಕಡೆಗೆ ಏಳೆಂಟು ನಿಮಿಷ ಉಳಿಯುತ್ತದೆ. ಎರಡು ಹೊಸ ಎಂಜಿನ್, ಪ್ರೊಪೆಲರ್, ಎಂಜಿನ್ ಮೌಂಟ್, ಕೌಲಿಂಗ್ ಎಲ್ಲ ಸೇರಿದರೆ ಇನ್ನೊಂದು ವಿಮಾನವೇ ಬರುತ್ತದೆ.

"ವೇಗ ಬಿಡೋ. ಒಂದು ಎಂಜಿನ್ ನಿಂತಾಗಿನ ಲೆಕ್ಕ ಹಾಕು" ಅಂದ ಅವನು.

ಇದರಲ್ಲಿ ಅವನ ಮಾತು ಸರಿಯಿತ್ತು. ಪುಸ್ತಕದ ಪ್ರಕಾರ ನಮ್ಮ ವಿಮಾನ ಪೂರ್ತಿ ತೂಕ 3,600 ಪೌಂಡಿನಲ್ಲಿ, ಸಮುದ್ರ ಮಟ್ಟದಲ್ಲಿ, ಒಂದೇ ಎಂಜಿನ್ನಿನಲ್ಲಿ ನಿಮಿಷಕ್ಕೆ 260 ಅಡಿ ಏರುತ್ತದೆ. ಅದೂ ಹೊಸ ವಿಮಾನ, ಕಂಪನಿಯ ಪೈಲಟ್ ಹಾರಿಸಿದಾಗ. ಉಳಿದ ಎಂಜಿನ್ನಿನಲ್ಲಿ 40 ಹಾರ್ಸ್‌ಪವರ್ ಜಾಸ್ತಿ ಇದ್ದರೆ ಅದಿಷ್ಟೂ ಏರುವುದಕ್ಕೇ ಹೋಗುತ್ತದೆ. ಪ್ರೊಪೆಲರಿನಲ್ಲಿ ಸೋರುವುದನ್ನು ಕಳೆದರೂ ನಿಮಿಷಕ್ಕೆ ಸುಮಾರು 290 ಅಡಿ ಹೆಚ್ಚಿಗೆ ಸಿಗುತ್ತದೆ, ಅಂದರೆ ಒಟ್ಟು ಏರಿಕೆ ಈಗಿನದರ ದುಪ್ಪಟ್ಟು. ಹೊಸ ಎಂಜಿನ್ನಿನ ಭಾರ ಅದರಲ್ಲಿ ಸ್ವಲ್ಪ ನುಂಗಿದರೂ ಚೆನ್ನಾಗಿಯೇ ಉಳಿಯುತ್ತದೆ. ಆದರೆ ಶಕ್ತಿ ಹೆಚ್ಚಿದಷ್ಟೂ ವಿಮಾನವನ್ನು ಪಕ್ಕಕ್ಕೆ ತಿರುಗಿಸುವ ಬಲವೂ ಹೆಚ್ಚುತ್ತದೆ. ರಡ್ಡರಿನ ಕೆಲಸ ಇನ್ನೂ ಕಷ್ಟ. ಕೊನೆಗೆ ತೀರ್ಮಾನ ಮಾಡಿದ್ದು ತರ್ಕ ಅಲ್ಲ, ಬ್ಯಾಂಕ್ ಬ್ಯಾಲೆನ್ಸ್. ನಮ್ಮ ಎಂಜಿನ್‌ಗಳಿಗೆ ಇನ್ನೂ ಆಯುಸ್ಸಿತ್ತು. ಓವರ್‌ಹಾಲ್ ಹತ್ತಿರ ಬಂದಾಗ ಈ ಮಾತು ಮತ್ತೆ ತೆಗೆಯೋಣ ಅಂತ ಒಪ್ಪಿಕೊಂಡೆವು. ಸದ್ಯಕ್ಕೆ ತೂಕ ಇಳಿಸುವುದು, ನಿಧಾನದ ವೇಗದಲ್ಲಿ ಹಿಡಿತ ಹೆಚ್ಚಿಸುವುದು, ಎಂಜಿನ್ನಿನ ಒಳಗೆ ಏನಾಗುತ್ತಿದೆ ಅಂತ ನೋಡುವುದಕ್ಕೆ ಕಣ್ಣು ಕೊಡುವುದು. ಈ ಮೂರಕ್ಕೇ ದುಡ್ಡು.

ಕೆಲಸ ಶುರುವಾಗಿದ್ದು ಸ್ಪ್ಯಾನರಿನಿಂದಲ್ಲ, ಕಾಗದದಿಂದ. ಅಮೆರಿಕದಲ್ಲಿ ಸರ್ಟಿಫೈಡ್ ವಿಮಾನಕ್ಕೆ ನಮಗೆ ತೋಚಿದ್ದನ್ನು ಹಾಕುವಂತಿಲ್ಲ. ಎಸ್‌ಟಿಸಿ ಅನ್ನುವ ಮಂಜೂರಾತಿ ಇರಬೇಕು. ಇಂಥ ಭಾಗವನ್ನು ಇಂಥ ಮಾಡೆಲ್ಲಿಗೆ ಹೀಗೆ ಹಾಕಿದರೆ ಸುರಕ್ಷಿತ ಅಂತ ಯಾರೋ ಪರೀಕ್ಷೆ ಮಾಡಿ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗೆ ಒಪ್ಪಿಸಿ ಪಡೆದ ಪತ್ರ ಅದು. ಹಾಕಿದ ಮೇಲೆ ಮೆಕ್ಯಾನಿಕ್ ಫಾರಂ 337 ತುಂಬಿ, ಇನ್‌ಸ್ಪೆಕ್ಷನ್ ಅಧಿಕಾರ ಇರುವವರು ಸಹಿ ಹಾಕಿ ಕಳಿಸಬೇಕು. ವಿಮಾನದ ಹುಟ್ಟಿನಿಂದ ಈವರೆಗಿನ ಇಂಥ ಕಾಗದಗಳೆಲ್ಲ ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಯಲ್ಲಿರುತ್ತವೆ. ಕೇಳಿದರೆ ಕಳಿಸುತ್ತಾರೆ.

ನಾವು ತರಿಸಿ ನೋಡಿದೆವು. ರೆಕ್ಕೆ ತುದಿಯ ಟ್ಯಾಂಕುಗಳಿಗೆ ಕಾಗದ ಇತ್ತು. ಒಂದೊಂದರಲ್ಲಿ 15 ಗ್ಯಾಲನ್, ಒಟ್ಟು 90 ಇದ್ದದ್ದು 120 ಆಗುತ್ತದೆ. ಪೂರ್ತಿ ತೂಕದ ಮಿತಿಯೂ 3,725 ಪೌಂಡಿಗೆ ಏರುತ್ತದೆ. ಆದರೆ ಆ ಹೆಚ್ಚಿನ ತೂಕ ತುದಿಯ ಟ್ಯಾಂಕಿನ ಪೆಟ್ರೋಲೇ ಆಗಿರಬೇಕು, ಸೂಟ್‌ಕೇಸ್ ಅಲ್ಲ. ಅದು ಸರಿಯಿತ್ತು. ಆದರೆ ರೆಕ್ಕೆಯ ಹಿಂದಂಚಿನಲ್ಲಿ ಅಲ್ಲಾಡುವ ಏಲರಾನ್ (ವಿಮಾನ ವಾಲಿಸುವುದು) ಮತ್ತು ಫ್ಲ್ಯಾಪಿನ (ನಿಧಾನ ಇಳಿಯಲು ಬಳಸುವುದು) ಸಂದಿ ಮುಚ್ಚುವ ಗ್ಯಾಪ್ ಸೀಲ್‌ಗಳಿಗೆ ಕಾಗದವೇ ಇಲ್ಲ. ಎಂದೋ ಯಾರೋ ಮನೆಯಲ್ಲೇ ತಗಡು ಕತ್ತರಿಸಿ ಹಾಕಿದ ಹಾಗಿತ್ತು. ನಮ್ಮ ಮೆಕ್ಯಾನಿಕ್ ಎಪ್ಪತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಒಂದು ಸಲ ಬಗ್ಗಿ ನೋಡಿ, "ನನ್ನ ಸಹಿ ಬೇಕಾದರೆ ಇದು ಇರಬಾರದು" ಅಂದರು. ಬಿಚ್ಚಿಸಿ, ಎಸ್‌ಟಿಸಿ ಇರುವ ಹೊಸ ಸೆಟ್ ತರಿಸಿದೆವು.

ಹಳೇ ಮನೆಯ ಎರಡು ಹೆಂಚು ಬದಲಿಸಲು ಹತ್ತಿದವನಿಗೆ ಗೆದ್ದಲು ಹಿಡಿದ ಜಂತಿ ಕಾಣುತ್ತದಲ್ಲ, ಹಾಗೇ ಆಯಿತು. ಲ್ಯಾಂಡಿಂಗ್ ಗೇರಿಗೆ ಸಾವಿರ ಗಂಟೆಗೊಮ್ಮೆ ಬಿಚ್ಚಿ ನೋಡುವ ಕಡ್ಡಾಯ ತಪಾಸಣೆ ಇದೆ. ಅದು ಹತ್ತಿರ ಬಂದಿತ್ತು. ಗೇರ್ ಎಳೆಯುವ ರಬ್ಬರ್ ಬಂಜಿಗಳ ಅವಧಿ ಮುಗಿದಿತ್ತು. ಈ ವಿಮಾನದಲ್ಲಿ ಪೆಟ್ರೋಲ್ ಇರುವುದು ರೆಕ್ಕೆಯೊಳಗಿನ ರಬ್ಬರ್ ಚೀಲಗಳಲ್ಲಿ. ಅದರಲ್ಲಿ ಒಂದು ಒಣಗಿ ಜಿನುಗುತ್ತಿತ್ತು. ಮೂತಿ ಏರಿಸಿ ಇಳಿಸುವ ಬಾಲದ ಸ್ಟೆಬಿಲೇಟರನ್ನು ಅಲ್ಲಾಡಿಸುವ ಹಾರ್ನ್ ಅನ್ನುವ ಭಾಗವನ್ನೂ ಬಿರುಕಿಗಾಗಿ ನೋಡಬೇಕಿತ್ತು. ಇವುಗಳಿಂದ ಒಂದು ನಾಟ್ ವೇಗವೂ ಹೆಚ್ಚುವುದಿಲ್ಲ. ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಯಿತು. ಹಳೇ ವಿಮಾನಕ್ಕೆ ಮಾಡಿಫಿಕೇಶನ್ ಮಾಡಿಸುವ ಆಸೆ ಇದ್ದವರು ಮೊದಲು ಬಾಕಿ ಕೆಲಸದ ಪಟ್ಟಿ ಮಾಡಿ, ಆಮೇಲೆ ಕ್ಯಾಟಲಾಗ್ ತೆರೆಯಿರಿ.

ಆಮೇಲೆ ತೂಕ. ಹಳೇ ವಿಮಾನಗಳ ತೂಕ ಕಾಗದದ ಮೇಲೇ ಬೆಳೆಯುತ್ತಾ ಬಂದಿರುತ್ತದೆ. ಒಂದು ರೇಡಿಯೋ ಹಾಕಿದಾಗ ಕೂಡುತ್ತಾರೆ, ತೆಗೆದಾಗ ಕಳೆಯುತ್ತಾರೆ, ತಕ್ಕಡಿ ಮೇಲೆ ಇಡುವವರು ಕಡಿಮೆ. ನಾವು ಇಟ್ಟೆವು. ಮೂರು ಚಕ್ರದ ಕೆಳಗೂ ಒಂದೊಂದು ತಕ್ಕಡಿ, ವಿಮಾನ ಲೆವೆಲ್ಲಿಗೆ ಬರಬೇಕು, ಹ್ಯಾಂಗರ್ ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಗಾಳಿಗೇ ಅಂಕಿ ಕುಣಿಯುತ್ತದೆ. ಕಾಗದಕ್ಕಿಂತ ನಿಜವಾದ ತೂಕ ಜಾಸ್ತಿಯೇ ಬಂತು. ಅದೇನು ಆಶ್ಚರ್ಯ ಅಲ್ಲ. ಕಾರ್ಪೆಟ್ ಕೆಳಗೆ, ಪ್ಯಾನೆಲ್ ಹಿಂದೆ ಕೈ ಹಾಕಿದಷ್ಟೂ ಸತ್ತ ವೈರುಗಳು ಬಂದವು. ದಾರಿ ಹುಡುಕಲು ಬಳಸುತ್ತಿದ್ದ ಹಳೇ ರೇಡಿಯೋ ಉಪಕರಣಗಳು, ಯಾವತ್ತೋ ಕೆಲಸ ನಿಲ್ಲಿಸಿದ ಎಡಿಎಫ್, ಅದರ ಆಂಟೆನಾ, ಹಳೇ ಡಿಎಂಇ ಎಲ್ಲ ಹೊರಗೆ. ವ್ಯಾಕ್ಯೂಮಿನಿಂದ ತಿರುಗುವ ಗೈರೋಗಳನ್ನು ತೆಗೆದು ಗಾರ್ಮಿನ್ ಜಿ5 ಅನ್ನುವ ಎರಡು ಎಲೆಕ್ಟ್ರಾನಿಕ್ ಪರದೆ ಹಾಕಿದ್ದರಿಂದ ಎರಡು ಪಂಪು, ಅವುಗಳ ಕೊಳವೆ, ಫಿಲ್ಟರ್ ಎಲ್ಲವೂ ಹೋದವು.

ಇದನ್ನು ಯಾರೂ ಮಾಡಿಫಿಕೇಶನ್ ಅಂತ ಕರೆಯಲ್ಲ. ಆದರೆ ನನ್ನ ಲೆಕ್ಕದಲ್ಲಿ ಒಂದು ಎಂಜಿನ್ನಿನಲ್ಲಿ ಹಾರುವಾಗ ನೂರು ಪೌಂಡ್ ಕಡಿಮೆಯಾದರೆ ನಿಮಿಷಕ್ಕೆ ಮೂವತ್ತು ನಲವತ್ತು ಅಡಿ ಏರಿಕೆ ಸಿಗುತ್ತದೆ. 260ರ ಪಕ್ಕದಲ್ಲಿ ಇಟ್ಟು ನೋಡಿ, ಅದು ಸಣ್ಣದಲ್ಲ. ಈಗ ಎಲ್ಲ ಟ್ಯಾಂಕು ತುಂಬಿಸಿ ಹೊರಡುವ ಅಭ್ಯಾಸವನ್ನೂ ಬಿಟ್ಟಿದ್ದೇವೆ. ದಾರಿಗೆ ಬೇಕಾದಷ್ಟು, ಮೇಲೆ ಒಂದು ಗಂಟೆಯದು. ಇದಕ್ಕೆ ಎಸ್‌ಟಿಸಿಯೂ ಬೇಡ, ದುಡ್ಡೂ ಬೇಡ.

ವೋರ್ಟೆಕ್ಸ್ ಜನರೇಟರ್ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ವಾಷಿಂಗ್ಟನ್ ರಾಜ್ಯದ ಅನಕಾರ್ಟಿಸ್ ಊರಿನ ಮೈಕ್ರೋ ಏರೋಡೈನಮಿಕ್ಸ್ ಇದರ ಕಿಟ್ ಮಾರುತ್ತದೆ. ಡಬ್ಬಿ ಬಿಚ್ಚಿದರೆ ಉಗುರಿನಷ್ಟಗಲದ ಅಲ್ಯೂಮಿನಿಯಂ ಚೂರುಗಳು, ಅಂಟು, ಟೆಂಪ್ಲೇಟ್. ಇಷ್ಟೇ. ಅವತ್ತು ಊಟ ತಂದುಕೊಟ್ಟ ನನ್ನ ಹೆಂಡತಿ ಕೈಯಲ್ಲಿ ಒಂದನ್ನು ಹಿಡಿದು ನೋಡಿ, "ರೀ, ಇದಕ್ಕೆ ಅಷ್ಟು ಸಾವಿರ ಡಾಲರ್ ಕೊಟ್ರಾ?" ಅಂದಳು. ಉತ್ತರ ಕೊಡುವುದು ಸುಲಭ ಅಲ್ಲ. ದುಡ್ಡು ತಗಡಿನದಲ್ಲ, ಅದು ಎಲ್ಲಿ ಕೂರಬೇಕು ಅಂತ ಹಾರಿಸಿ ಹಾರಿಸಿ ಕಂಡುಕೊಂಡದ್ದರದು.

ಕೆಲಸ ಮಾಡುವ ರೀತಿ ಹೀಗೆ. ರೆಕ್ಕೆಗೆ ತಾಗಿಕೊಂಡು ಹೋಗುವ ಗಾಳಿಯ ತೆಳು ಪದರ ಹಿಂದಕ್ಕೆ ಹೋದಷ್ಟೂ ಸೋಲುತ್ತದೆ. ಮೂತಿ ಎತ್ತಿದಾಗ ಅದು ರೆಕ್ಕೆ ಬಿಟ್ಟು ಏಳುತ್ತದೆ, ಅದೇ ಸ್ಟಾಲ್. ಓರೆಯಾಗಿ ನಿಲ್ಲಿಸಿದ ಈ ಚೂರುಗಳು ಪುಟ್ಟ ಸುಳಿ ಎಬ್ಬಿಸುತ್ತವೆ. ಆ ಸುಳಿ ಮೇಲಿನ ಚುರುಕು ಗಾಳಿಯನ್ನು ಕೆಳಗೆ ಎಳೆದು ಸೋತ ಪದರಕ್ಕೆ ಬೆರೆಸುತ್ತದೆ. ಪದರ ಇನ್ನಷ್ಟು ಹೊತ್ತು ರೆಕ್ಕೆಗೆ ಅಂಟಿಕೊಂಡಿರುತ್ತದೆ. ಬಾಲದ ಮೇಲೂ ಇದನ್ನೇ ಮಾಡಿದರೆ ರಡ್ಡರ್ ಇನ್ನೂ ಕಡಿಮೆ ವೇಗದವರೆಗೆ ಕೆಲಸ ಮಾಡುತ್ತದೆ. ಸ್ಟಾಲ್ ವೇಗವೂ ಇಳಿಯಿತು, ವಿಎಂಸಿಯೂ ಇಳಿಯಿತು.

ಅಂಟಿಸುವುದಕ್ಕೆ ಕೌಶಲ ಬೇಡ, ತಾಳ್ಮೆ ಬೇಕು. ಮುಂದಂಚಿನಿಂದ ಅಳತೆ ಹಿಡಿದು ಟೇಪಿನ ಗೆರೆ ಎಳೆಯಬೇಕು. ಟೆಂಪ್ಲೇಟ್ ಇಟ್ಟು ಒಂದೊಂದರ ಜಾಗ, ಕೋನ ಗುರುತು ಮಾಡಬೇಕು. ಅಲ್ಲಿನ ಪೇಂಟನ್ನು ಮೇಲಷ್ಟೇ ಉಜ್ಜಿ, ಎಣ್ಣೆ ಪಸೆ ತೆಗೆದು, ಅಂಟು ಹಚ್ಚಿ ಒತ್ತಿ ಹಿಡಿಯಬೇಕು. ಮೆಕ್ಯಾನಿಕ್ ಕಣ್ಣೆದುರಿಗೆ ಇದ್ದರೆ ಮಾಲೀಕರೇ ಇಂಥ ಕೆಲಸ ಮಾಡಬಹುದು, ಕಾನೂನಿನಲ್ಲಿ ಅವಕಾಶ ಇದೆ. ನಾವಿಬ್ಬರೂ ಮಾಡಿದೆವು, ಅವರು ಸ್ಟೂಲ್ ಹಾಕಿಕೊಂಡು ಕೂತು ನೋಡಿದರು. ಅಂಟು ಹಿಡಿಯುವುದು ಪೇಂಟಿನ ಮೇಲೆ ಅನ್ನುವುದು ನೆನಪಿರಲಿ. ಪೇಂಟ್ ಎದ್ದು ಬರುತ್ತಿದ್ದರೆ ಚೂರೂ ಅದರ ಜೊತೆ ಎದ್ದು ಬರುತ್ತದೆ. ಸದ್ಯದಲ್ಲೇ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಮೊದಲು ಪೇಂಟ್, ಆಮೇಲೆ ಇದು. ಇನ್ನೊಂದು ಮಾತು: ಇನ್ನು ಮುಂದೆ ರೆಕ್ಕೆ ಒರೆಸುವಾಗ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಕೊಯ್ಯುತ್ತದೆ.

ಮೂರನೆಯದು ಎಂಜಿನ್. ಲೈಕಮಿಂಗ್ ನಾಲ್ಕು ಸಿಲಿಂಡರಿನದು. ಎಲ್ಲ ಸಿಲಿಂಡರಿಗೂ ಒಂದೇ ಸಮ ಪೆಟ್ರೋಲ್ ಹೋಗುವುದಿಲ್ಲ. ಒಂದು ಹಸಿದಿರುತ್ತದೆ, ಪಕ್ಕದ್ದು ತೇಗುತ್ತಿರುತ್ತದೆ. ಒಕ್ಲಹೋಮದ ಏಡಾದಲ್ಲಿರುವ ಗಾಮಿ ಕಂಪನಿ ಸಿಲಿಂಡರಿಗೆ ತಕ್ಕಂತೆ ಅಳತೆ ಮಾಡಿದ ನಾಜಲ್ ಕೊಡುತ್ತದೆ. ಅದಕ್ಕೆ ಮೊದಲು ಪ್ರತಿ ಸಿಲಿಂಡರಿನ ಬಿಸಿ ತೋರಿಸುವ ಎಂಜಿನ್ ಮಾನಿಟರ್ ಬೇಕು. ಅದನ್ನು ಹಾಕಿಸಿದ ಏವಿಯಾನಿಕ್ಸ್ ಅಂಗಡಿಯವರು ಎಡ ಎಂಜಿನ್ನಿನಲ್ಲಿ ಬಿಸಿ ಅಳೆಯುವ ಎರಡು ಪ್ರೋಬಿನ ವೈರ್ ಅದಲುಬದಲು ಮಾಡಿಟ್ಟಿದ್ದರು. ಮೂರನೇ ಸಿಲಿಂಡರ್ ಜಾಸ್ತಿ ಬಿಸಿ ಅಂತ ಪರದೆ ಹೇಳುತ್ತಿತ್ತು, ಬಿಸಿ ಇದ್ದದ್ದು ನಾಲ್ಕನೆಯದು. ಮೆಕ್ಯಾನಿಕ್‌ಗೆ ಯಾಕೋ ಸಂಶಯ ಬಂದು ಒಂದೊಂದೇ ಪ್ರೋಬ್ ಬಿಚ್ಚಿ ಹೀಟ್ ಗನ್ನಿನಿಂದ ಕಾಯಿಸಿ ನೋಡಿದಾಗ ಸಿಕ್ಕಿಬಿತ್ತು. ಇಲ್ಲದಿದ್ದರೆ ಸರಿಯಿರುವ ಸಿಲಿಂಡರಿನ ನಾಜಲ್ ಬದಲಿಸುತ್ತಿದ್ದೆವು.

ಆಮೇಲಿನ ಪರೀಕ್ಷೆ ಆಕಾಶದಲ್ಲಿ. ನೆಟ್ಟಗೆ ಹಾರುತ್ತಾ, ಎಂಜಿನ್ನಿಗೆ ಹೋಗುವ ಪೆಟ್ರೋಲ್ ಕಡಿಮೆ ಮಾಡುವ ಮಿಕ್ಸ್ಚರ್ ಹಿಡಿಯನ್ನು ನಿಧಾನ ಎಳೆಯುವುದು, ಯಾವ ಸಿಲಿಂಡರ್ ಗಂಟೆಗೆ ಎಷ್ಟು ಗ್ಯಾಲನ್‌ನಲ್ಲಿ ಬಿಸಿಯ ತುತ್ತತುದಿ ಮುಟ್ಟಿತು ಅಂತ ಬರೆದುಕೊಳ್ಳುವುದು. ಮೊದಲನೆಯದಕ್ಕೂ ಕೊನೆಯದಕ್ಕೂ ಅರ್ಧ ಗ್ಯಾಲನ್‌ಗಿಂತ ಕಡಿಮೆ ವ್ಯತ್ಯಾಸ ಇರಬೇಕು. ಬಲ ಎಂಜಿನ್ ಬೇಗ ದಾರಿಗೆ ಬಂತು. ಎಡದ್ದಕ್ಕೆ ನಾಜಲ್ ಮತ್ತೆ ಬದಲಿಸಿ ತರಿಸಬೇಕಾಯಿತು. ಈಗ ಪೆಟ್ರೋಲ್ ತೆಳು ಮಾಡಿ ಓಡಿಸಿದರೂ ಎಂಜಿನ್ ನಡುಗುವುದಿಲ್ಲ. ಕೆಲವು ನಾಟ್ ಬಿಟ್ಟುಕೊಟ್ಟರೆ ಗಂಟೆಗೆ ಎರಡೂವರೆ ಮೂರು ಗ್ಯಾಲನ್ ಉಳಿಯುತ್ತದೆ. ಎಲ್ಲ ಕೆಲಸದಲ್ಲಿ ಹಾಕಿದ ದುಡ್ಡು ಅಷ್ಟಿಷ್ಟಾದರೂ ವಾಪಸ್ ಬರುವುದು ಇದೊಂದರಿಂದಲೇ.

ಹಾರಿಸಿ ನೋಡಲು ಟ್ವಿನ್ ಕಮಾಂಚಿಯಲ್ಲೇ ಪಳಗಿದ ಒಬ್ಬ ಇನ್‌ಸ್ಟ್ರಕ್ಟರನ್ನು ಕರೆದುಕೊಂಡೆವು. ಸೆಂಟ್ರಲ್ ವ್ಯಾಲಿಯ ಮೇಲೆ, ಕೆಳಗೆ ಬಾದಾಮಿ ತೋಟಗಳು, ಐದು ಸಾವಿರ ಅಡಿಗೂ ಮೇಲೆ. ಮೊದಲು ಸ್ಟಾಲ್. ಹಿಂದೆ ನಮ್ಮ ವಿಮಾನ ಒಂದು ರೆಕ್ಕೆಯನ್ನು ಫಕ್ಕನೆ ಕೆಳಗೆ ಹಾಕುತ್ತಿತ್ತು. ಈಗ ಮೂತಿ ಇನ್ನೂ ಮೇಲೆ ಹೋಗುತ್ತದೆ, ವೇಗದ ಮುಳ್ಳು ಇನ್ನೂ ಕೆಳಗೆ ಬರುತ್ತದೆ, ನಡುಗುತ್ತಾ ನೇರ ಕುಸಿಯುತ್ತದೆ. ಏಲರಾನ್ ಕೊನೆವರೆಗೂ ಮಾತು ಕೇಳುತ್ತದೆ. ಆಮೇಲೆ ಎಡ ಎಂಜಿನ್ ಐಡಲ್. ಎರಡೂ ಪ್ರೊಪೆಲರ್ ಒಂದೇ ಕಡೆ ತಿರುಗುವ ಪಿಎ-30ಯಲ್ಲಿ ಎಡದ್ದು ಹೋದರೇ ಹೆಚ್ಚು ಕಷ್ಟ. ಬಲಗಾಲು ಪೂರ್ತಿ ಒತ್ತಿ ವೇಗ ಇಳಿಸುತ್ತಾ ಬಂದೆ. ವೇಗದ ಮುಳ್ಳು ವಿಎಂಸಿಯ ಕೆಂಪು ಗೆರೆ ದಾಟಿ ಕೆಳಗೆ ಬಂದರೂ ಮೂತಿ ಜಾಗ ಬಿಡಲಿಲ್ಲ. "ಸಾಕು, ಇಲ್ಲಿಂದ ಕೆಳಗೆ ನಮಗೆ ಕೆಲಸ ಇಲ್ಲ" ಅಂತ ಇನ್‌ಸ್ಟ್ರಕ್ಟರ್ ಥ್ರಾಟಲ್ ಎಳೆದರು. ಅವರ ಮಾತು ಸರಿ. ಹೊಸದಾಗಿ ಸಿಕ್ಕ ಜಾಗ ಬಳಸುವುದಕ್ಕಲ್ಲ. ನಾವು ಹಾರಿಸುವುದು ಹಳೇ ಪುಸ್ತಕದ ವೇಗದಲ್ಲೇ, ಒಂದು ಎಂಜಿನ್ನಿನಲ್ಲಿ 105 ಮೈಲಿಯ ನೀಲಿ ಗೆರೆ, ಅಂದರೆ ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗ.

ಕ್ರೂಸಿನಲ್ಲಿ ವೋರ್ಟೆಕ್ಸ್ ಜನರೇಟರ್ ಒಂದೆರಡು ನಾಟ್ ತಿಂದಿತು. ಗ್ಯಾಪ್ ಸೀಲ್ ಅಷ್ಟನ್ನು ತಂದುಕೊಟ್ಟಿತು. ಒಟ್ಟಾರೆ ವೇಗದಲ್ಲಿ ಗಳಿಸಿದ್ದು ಸೊನ್ನೆ. ಇದನ್ನು ಹೇಳಿದರೆ ಹ್ಯಾಂಗರ್ ನೆರೆಹೊರೆಯವರು ನಗುತ್ತಾರೆ. ನಗಲಿ. ಲ್ಯಾಂಡಿಂಗಿನಲ್ಲಿ ಮಾತ್ರ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ. ನೆಲಕ್ಕೆ ತಾಗಿಕೊಂಡಂತೆ ತೇಲಿ ತೇಲಿ, ಕೊನೆಗೆ ದಪ್ ಅಂತ ಬೀಳುವುದು ಟ್ವಿನ್ ಕಮಾಂಚಿಯ ಹಳೇ ಚಾಳಿ. ಆ ದಪ್ ಈಗ ಅಪರೂಪ.

ಸಿಯೆರ್ರಾ ಬೆಟ್ಟಸಾಲು ಮಾತ್ರ ಇದ್ದ ಹಾಗೇ ಇದೆ. ಪುಸ್ತಕದಲ್ಲಿ ಒಂದು ಎಂಜಿನ್ನಿನ ಸರ್ವಿಸ್ ಸೀಲಿಂಗ್, ಅಂದರೆ ಏರುವ ತಾಕತ್ತು ಹೆಚ್ಚುಕಡಿಮೆ ಮುಗಿಯುವ ಎತ್ತರ, 5,800 ಅಡಿ. ನಾವು ಚಳಿಗಾಲದಲ್ಲಿ ಹೋಗುವ ಟ್ರಕೀ ಏರ್‌ಪೋರ್ಟ್ ಇರುವುದೇ 5,904 ಅಡಿ ಎತ್ತರದಲ್ಲಿ. ಸೌತ್ ಲೇಕ್ ಟಾಹೋ 6,269. ಅಂದರೆ ಅಲ್ಲಿ ಟೇಕಾಫ್ ಆದ ಮೇಲೆ ಒಂದು ಎಂಜಿನ್ ನಿಂತರೆ ಎರಡನೆಯದು ನಮ್ಮನ್ನು ಮೇಲೆತ್ತುತ್ತದೆ ಅಂತ ನಂಬುವ ಹಾಗಿಲ್ಲ. ತೂಕ ಇಳಿಸಿದ್ದರಿಂದ ಸ್ವಲ್ಪ ಸಡಿಲ ಸಿಕ್ಕಿದೆ, ಅಷ್ಟೇ. ಅದಕ್ಕೇ ದಾಟುವಾಗ ಹನ್ನೊಂದು ಹನ್ನೆರಡು ಸಾವಿರ ಅಡಿಯಲ್ಲಿ ದಾಟುತ್ತೇವೆ. ಎಂಜಿನ್ ನಿಂತರೆ ಪ್ರೊಪೆಲರ್ ಫೆದರ್ ಮಾಡಿ (ಗಾಳಿಗೆ ತಡೆ ಆಗದ ಹಾಗೆ ಅಲಗು ತಿರುಗಿಸಿ) ನಿಧಾನ ಇಳಿಯುತ್ತಾ ಹೋಗಬಹುದು. ಪೂರ್ವಕ್ಕೆ ರೀನೋ 4,415 ಅಡಿ, ಅಲ್ಲಿ ಹಾರಿಕೊಂಡೇ ಇರಬಹುದು. ಪಶ್ಚಿಮಕ್ಕೆ ಕಣಿವೆ, ದಾರಿಯಲ್ಲಿ ಬ್ಲೂ ಕ್ಯಾನ್ಯನ್ನಿನ ಪುಟ್ಟ ರನ್‌ವೇ. ಎತ್ತರದಲ್ಲೂ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಇರುವ ಟ್ವಿನ್ ಕಮಾಂಚಿ ಇದಕ್ಕೆ ಸರಿಯಾದ ಉತ್ತರ, ಆದರೆ ನಮ್ಮದು ಅದಲ್ಲ.

ಕೊನೆಗೆ ಎಲ್ಲ 337ಗಳೂ ಹೋದವು. ಫ್ಲೈಟ್ ಮ್ಯಾನ್ಯುಯಲ್ಲಿಗೆ ಪೂರಕ ಪುಟಗಳು ಸೇರಿದವು, ತೂಕದ ಹೊಸ ಹಾಳೆ ಬಂತು. ಸುಮ್ನೆ ಕೇಳಿ ನೋಡೋಣ ಅಂತ ಗೆಳೆಯ ವಿಮೆಯವರಿಗೆ ಫೋನ್ ಮಾಡಿದ. ಸ್ಟಾಲ್ ವೇಗ ಇಳಿದಿದೆ, ವಿಎಂಸಿ ಇಳಿದಿದೆ, ಎಂಜಿನ್ ಮಾನಿಟರ್ ಬಂದಿದೆ, ಪ್ರೀಮಿಯಂ ಏನಾದರೂ ಇಳಿಯುತ್ತಾ? ಆ ಕಡೆಯ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, ವಿಮಾನದ ಬೆಲೆ ಏರಿದೆ, ಆದ್ದರಿಂದ ಪ್ರೀಮಿಯಂ ಕೂಡ ಸ್ವಲ್ಪ ಏರುತ್ತದೆ ಅಂದರು. ಮತ್ತೆ ವರ್ಷಕ್ಕೊಮ್ಮೆ ಇಬ್ಬರೂ ಇನ್‌ಸ್ಟ್ರಕ್ಟರ್ ಜೊತೆ ಒಂದು ಎಂಜಿನ್ನಿನ ಅಭ್ಯಾಸ ಮಾಡಿದ ಸರ್ಟಿಫಿಕೇಟ್ ಕಳಿಸಬೇಕು, ಅದರಲ್ಲಿ ಬದಲಾವಣೆ ಇಲ್ಲ ಅಂದರು. ಗೆಳೆಯ ಫೋನ್ ಇಟ್ಟವನೇ ಮಿಲ್ಲರ್ ವಿಮಾನದ ಇನ್ನೊಂದು ಫೋಟೋ ಕಳಿಸಿದ್ದಾನೆ. ಬಲ ಎಂಜಿನ್ ಓವರ್‌ಹಾಲಿಗೆ ಬರಲು ಇನ್ನು ಮುನ್ನೂರು ಗಂಟೆಯೂ ಉಳಿದಿಲ್ಲ.